ಹಳೇದು ಎಲ್ಲಿ?

ಗ್ಯಾರೇಜ್ ಚಾಚಾನ ಉಗುರಿನ ಸಂದಿಯ ಗ್ರೀಸು ರಂಜಾನ್ ಹಬ್ಬದ ದಿನವೂ ಹೋಗುತ್ತಿರಲಿಲ್ಲ. ಬಿಳಿ ಜುಬ್ಬ, ಅತ್ತರು, ತೋಳಿನ ತುದಿಗೆ ಮಾತ್ರ ಕಪ್ಪು ಉಗುರುಗಳು!

ಶಿರಸಿಯಲ್ಲಿ ಅವರ ಗ್ಯಾರೇಜು ನಮ್ಮ ಬಾಡಿಗೆ ಮನೆಯ ಎದುರಿಗೇ ಇತ್ತು. ಅವರದೊಂದು ಹಟ. ಗಾಡಿಗೆ ಹೊಸ ಪಾರ್ಟು ಹಾಕಿದರೆ, ತೆಗೆದ ಹಳೇದನ್ನು ಪೇಪರಿನಲ್ಲಿ ಸುತ್ತಿ ಗಿರಾಕಿಯ ಕೈಗೇ ಕೊಡಬೇಕು. ಬೇಡ ಅಂದರೂ ಬಿಡುವವರಲ್ಲ. "ಇಟ್ಕೊಳ್ರಿ. ನಾಳೆ ಚಾಚಾ ಬದ್ಲಿಸ್ಲೇ ಇಲ್ಲ ಅನ್ಬಾರ್ದು." ಅಪ್ಪನ ಸ್ಕೂಟರಿನ ಹಳೇ ಪಾರ್ಟುಗಳಿಂದ ನಾವು ಇನ್ನೊಂದು ಸ್ಕೂಟರನ್ನೇ ಕಟ್ಟಬಹುದಿತ್ತು.

ತಂಗಿ ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಎದ್ದು ನಿಲ್ಲಲಾರದೆ ಹೋದಳು. ಸಂಜೆಯ ಹೊತ್ತಿಗೆ ಕೈಯೂ ಸೋತಿತು. ಚಾಚಾ ತಮ್ಮ ವ್ಯಾನಿನಲ್ಲಿ ನಮ್ಮನ್ನು ಹುಬ್ಬಳ್ಳಿಗೆ ಒಯ್ದರು. ಆಸ್ಪತ್ರೆಯಲ್ಲಿ ತಂಗಿಗೆ ಉಸಿರಾಟದ ಯಂತ್ರ ಹಾಕಿದರು. ಡಾಕ್ಟರಮ್ಮ ಹೊರಬಂದು, "ಪ್ಲಾಸ್ಮಾ ಎಕ್ಸ್‌ಚೇಂಜ್ ಮಾಡಬೇಕ್ರಿ. ಲಗೂನ ಒಪ್ಪಿಗಿ ಕೊಡ್ರಿ" ಅಂದರು.

ನನಗೆ ಅದು ಗೊತ್ತಿತ್ತು! ಅಲ್ಲೇ ಮೊಬೈಲಿನಲ್ಲಿ ಓದಿಬಿಟ್ಟಿದ್ದೆ. ಅಮ್ಮನಿಗೆ ವಿವರಿಸತೊಡಗಿದೆ: ರೋಗದ ಮೇಲೆ ಬೀಳಬೇಕಾದ ಪ್ರತಿಕಾಯಗಳು ದಾರಿ ತಪ್ಪಿ ನಮ್ಮದೇ ನರಗಳ ಮೇಲೆ ಬಿದ್ದಿವೆ, ಅವು ರಕ್ತದ ಹಳದಿ ನೀರಿನಲ್ಲಿವೆ, ಯಂತ್ರ ಆ ನೀರನ್ನಷ್ಟೇ ತೆಗೆದು ಬದಲಿಗೆ ಬೇರೆ ಕೊಡುತ್ತದೆ...

ಅಮ್ಮ ಇನ್ನೂ ಜೋರಾಗಿ ಅತ್ತಳು. "ಕೂಸಿನ ಮೈಯಿಂದ ಎಂತ ತೆಗೀತ್ವೋ, ಎಂತ ತುಂಬ್ತ್ವೋ! ಆನು ಒಪ್ತಿಲ್ಲೆ." ಅಪ್ಪ ಒಪ್ಪಿಗೆಯ ಕಾಗದ ಹಿಡಿದು ಅಮ್ಮನ ಮುಖವನ್ನೇ ನೋಡಿದ.

ಚಾಚಾ ಡಾಕ್ಟರಮ್ಮನ ಕಡೆ ತಿರುಗಿದರು. "ಹಳೇದು ತೋರಿಸ್ತೀರಾ?"

"ಯಾವ ಹಳೇದ್ರಿ?"

"ತೆಗೆದದ್ದು, ಮೇಡಂ. ಗಿರಾಕಿಗೆ ತೋರಿಸ್ಬೇಕಲ್ಲ."

ಡಾಕ್ಟರಮ್ಮ ಚಾಚಾನ ಕಪ್ಪು ಉಗುರುಗಳನ್ನು ನೋಡಿದರು. ಆಮೇಲೆ ಅಮ್ಮನ ಮುಖ ನೋಡಿ, "ತೋರಸ್ತೀನ್ರಿ" ಅಂದರು.

"ಮುಗೀತಲ್ಲ ಅಮ್ಮಾ! ಹಳೇದು ತೋರ್ಸೋ ಗ್ಯಾರೇಜು ಮೋಸ ಮಾಡೂದಿಲ್ಲ. ಹೂಂ ಅನ್ರಿ" ಅಂದರು ಚಾಚಾ.

ಅಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ಹೂಂ ಅಂದಳು.

ಮೊದಲ ಸರದಿ ಮುಗಿದಾಗ ಡಾಕ್ಟರಮ್ಮ ಗಾಜಿನ ಬಾಗಿಲಾಚೆಯಿಂದ ಮುಚ್ಚಿದ ಚೀಲವೊಂದನ್ನು ಎತ್ತಿ ಹಿಡಿದರು. ಒಳಗೆ ಹಳದಿ ನೀರು. ಅಮ್ಮ ಕೈ ಮುಗಿದಳು. ಚಾಚಾ ಗಾಜಿಗೆ ಮೂಗು ಒತ್ತಿ, ಇಂಜಿನ್ ಆಯಿಲ್ ನೋಡುವ ಹಾಗೆ ನೋಡಿದರು. ಆಮೇಲೆ ಬಗಲಿನಿಂದ ಪೇಪರ್ ತೆಗೆದರು.

"ಕಟ್ಟಿ ಕೊಡಿ."

"ಅಯ್ಯ, ಇದನ್ನ ಕೊಡಾಕ ಬರೂದಿಲ್ಲರಿ! ಸುಡಬೇಕು!"

"ಗಿರಾಕಿ ಸಾಮಾನು ಗಿರಾಕಿಗಲ್ವಾ ಮೇಡಂ?"

ದೊಡ್ಡ ವಾದವೇ ನಡೆಯಿತು. ಕೊನೆಗೆ ಚಾಚಾ ಸೋತರು. "ಜಿಂದಗಿಯಲ್ಲಿ ಇದೇ ಮೊದ್ಲು, ನನ್ನ ಗಿರಾಕಿ ಬರಿಗೈ" ಎಂದು ಕಾರಿಡಾರಿನ ತುಂಬ ಗೊಣಗುತ್ತ ನಡೆದರು.

ಇನ್ನೂ ಕೆಲವು ಸರದಿಗಳಾದ ಮೇಲೆ ತಂಗಿಯ ಕಾಲಿನ ಬೆರಳು ಅಲುಗಿತು. ಉಸಿರು ತಾನಾಗಿ ಬಂತು. ಮನೆಗೆ ಹೊರಟ ದಿನ ನರ್ಸ್ ಅವಳ ಮಣಿಕಟ್ಟಿನ ಹೆಸರಿನ ಪಟ್ಟಿಯನ್ನು ಕತ್ತರಿಸಿ ಬುಟ್ಟಿಗೆ ಹಾಕಹೊರಟಳು. ಚಾಚಾ ಹಾರಿ ತಡೆದು, ಅದನ್ನು ಪೇಪರಿನಲ್ಲಿ ಸುತ್ತಿ ತಂಗಿಯ ಕೈಗಿಟ್ಟರು.

"ತಗೋ ಬೇಟಿ, ಹಳೇದು. ಈಗ ಲೆಕ್ಕ ಲೆವೆಲ್ ಆಯ್ತು."

ಹೋದ ವರ್ಷ ಚಾಚಾ ತೀರಿಕೊಂಡರು. ಗ್ಯಾರೇಜಿದ್ದಲ್ಲಿ ಈಗ ಮೊಬೈಲ್ ಅಂಗಡಿ. ತಂಗಿ ಅಪ್ಪನ ಅದೇ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಯಲ್ಲಾಪುರ ರಸ್ತೆಯ ಹೊಸ ಗ್ಯಾರೇಜಿನಲ್ಲಿ ಬ್ರೇಕ್ ಕೇಬಲ್ ಬದಲಿಸಿದ ಮೆಕ್ಯಾನಿಕ್ ಕೀಲಿ ಕೊಟ್ಟ. ಇವಳು ಇನ್ನೂ ಕೈ ಚಾಚಿಕೊಂಡೇ ಇದ್ದಳು.

"ಹಳೇದು ಎಲ್ಲಿ?"

"ಆ ಹರಕು ಎಂತಕ್ಕೆ ತಂಗೀ?"

"ಕಟ್ಟಿ ಕೊಡಿ" ಅಂದಳು. ಎರಡೂ ಕಾಲೂರಿ ಗಟ್ಟಿಯಾಗಿ ನಿಂತಿದ್ದಳು. ಆತ ಪೇಪರ್ ಹುಡುಕತೊಡಗಿದ.