ಬೀಗರ ಗಾಳಕ್ಕೆ ನನ್ನ ಉಂಡೆ

ಹೋದ ತಿಂಗಳು ನಮ್ಮ ಬೀಗರು ಪಕ್ಕದ ರಾಜ್ಯದಲ್ಲಿ ಸಿಕ್ಕಿಬಿದ್ದರು. ಮಾಲು ಸಮೇತ. ಮಾಲು ಎಂದರೆ ಸಾರಾಯಿ ಅಲ್ಲ, ಗಾಂಜಾ ಅಲ್ಲ. ನಾನು ನನ್ನ ಕೈಯಾರೆ ಕಟ್ಟಿಕೊಟ್ಟ ಉಂಡೆ.

ನಗಬೇಡಿ. ಮೊದಲಿನಿಂದ ಹೇಳುತ್ತೇನೆ.

ಈ ಅಂಕಣ ಓದುವವರಿಗೆ ಗೊತ್ತು, ನನಗೆ ಮಾತು ಬರುವುದು ಕಾಗದದ ಮೇಲೆ ಮಾತ್ರ. ನಾಲ್ಕು ಜನ ಸೇರಿದರೆ ನನ್ನ ಜಾಗ ಬಾಗಿಲ ಹಿಂದೆ. ಮೊಮ್ಮಕ್ಕಳಿಗೆ ಹೇಳಬೇಕಾದದ್ದನ್ನೂ ಇಲ್ಲೇ ಬರೆಯುತ್ತೇನೆ. (ಪಲ್ಲವಿ, ಆದಿತ್ಯ, ಮೊಬೈಲ್ ಕೆಳಗಿಟ್ಟು ಓದಿ. ಆ ಹೊತ್ತಿನಲ್ಲಿ ನೀವು ಅಲ್ಲಿರಲಿಲ್ಲ.)

ಬೀಗರೆಂದರೆ ನನ್ನ ಮಗಳ ಮಾವ, ಅಂಬಾರಾಯರು. ಕಲಬುರಗಿ ಹತ್ತಿರದ ಕಮಲಾಪುರದವರು. ಬಸ್ ಓಡಿಸಿ ರಿಟೈರ್ ಆದವರು. ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಅವರ ಮನೆಯಲ್ಲಿ ಮೀನಿಲ್ಲದ ಭಾನುವಾರ ಇಲ್ಲ. ಮಗಳು ತಾನೇ ಮೆಚ್ಚಿ ಆ ಮನೆ ಸೇರಿದಳು. ಅಲ್ಲಿ ಮೀನಿನ ಸಾರು ಮಾಡುತ್ತಾಳೆ, ಕಲಬುರಗಿಗೆ ಬಂದರೆ ನನ್ನ ಪಕ್ಕ ಕೂತು ಪುಂಡಿ ಪಲ್ಯ, ರೊಟ್ಟಿ ತಿನ್ನುತ್ತಾಳೆ. ಒಂದು ಮನೆಯ ಕಾನೂನು ಇನ್ನೊಂದು ಮನೆಯಲ್ಲಿ ನಡೆಯುವುದಿಲ್ಲ ಎಂದು ಅವಳಿಗೆ ಯಾರೂ ಕಲಿಸಬೇಕಾಗಲಿಲ್ಲ.

ಇನ್ನು ನಾನು. ಬೀಗರ ಜೊತೆ ನೇರವಾಗಿ ಮಾತಾಡುವ ರೂಢಿ ನಮ್ಮ ಕಡೆಯ ನನ್ನಂಥ ಹೆಂಗಸರಿಗೆ ಇಲ್ಲ. ಅವರು ಎದುರಿಗೇ ಕೂತಿರುತ್ತಾರೆ. ನಾನು ಸೆರಗು ಸರಿಮಾಡಿಕೊಂಡು, "ಪಲ್ಲವಿ, ನಿಮ್ಮ ಅಜ್ಜಗ ಚಾ ಬೇಕೇನು ಕೇಳು" ಅನ್ನುತ್ತೇನೆ. ಅವರು, "ಪಲ್ಲವಿ, ನಿಮ್ಮ ಅಜ್ಜಿಗಿ ಅರ್ಧ ಕಪ್ ಸಾಕಂತ ಹೇಳು" ಅನ್ನುತ್ತಾರೆ. ನಡುವೆ ಪಲ್ಲವಿ ಬಾಯಿ ಬಿಟ್ಟಿರುವುದೇ ಇಲ್ಲ.

ಬೀಗರಿಗೆ ಗಾಳದ ಹುಚ್ಚು. ಗಾಳಕ್ಕೆ ಚುಚ್ಚುವ ಎರೆಗೆ ಜೋಳದ ಹಿಟ್ಟು ಕಲಸುತ್ತಾರೆ. ಒಮ್ಮೆ ಕಮಲಾಪುರದಲ್ಲಿ ಅವರು ಅಂಗಳದಲ್ಲಿ ಕೂತು ಕಲಸುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ತಣ್ಣೀರು ಸುರಿಯುತ್ತಿದ್ದರು. ಜೋಳದ ಹಿಟ್ಟು ತಣ್ಣೀರಿಗೆ ಎಲ್ಲಾದರೂ ಹಿಡಿದುಕೊಳ್ಳುತ್ತದೆಯೇ? "ಪಲ್ಲವಿ, ರೊಟ್ಟಿಗಿ ಹಾಕಿದಂಗ ಕುದಿಯೋ ನೀರು ಹಾಕಲಾಕ ಹೇಳು" ಅಂದೆ. ಅವರು ಪಾತ್ರೆಯನ್ನೇ ಒಳಗೆ ಕಳಿಸಿದರು. ಅವತ್ತಿನಿಂದ ಎರೆ ನನ್ನ ಪಾಲಿಗೆ ಬಂತು.

ಬರೀ ಹಿಟ್ಟು ಸಾಕಿತ್ತು. ಆದರೆ ಬೀಗರ ಮನೆಗೆ ಹೋಗುವ ಡಬ್ಬಿಯಲ್ಲಿ ಬರೀ ಹಿಟ್ಟು ಕಳಿಸುವುದು ಹೇಗೆ? ಹುರಿದ ಶೇಂಗಾ ಪುಡಿ ಹಾಕಿದೆ. ಬೆಲ್ಲ ಹಾಕಿದೆ. ಕಮಲಾಪುರದ ಕೆಂಪು ಬಾಳೆಹಣ್ಣು ಕಿವುಚಿದೆ. ಕೈ ತಾನಾಗಿಯೇ ಏಲಕ್ಕಿ ಡಬ್ಬಿಯ ಕಡೆ ಹೋಯಿತು. (ಮೀನಿಗೆ ಕೊನೆಯ ಊಟ. ರುಚಿಯಾಗಿಯಾದರೂ ಇರಲಿ.)

ಈಗ ಕೆರೆಯ ವಿಷಯ. ಹೆಸರು ಹೇಳುವುದಿಲ್ಲ, ಮೀನು ಹಿಡಿಯುವವರು ತಮ್ಮ ಜಾಗ ಯಾರಿಗೂ ಹೇಳುವುದಿಲ್ಲವಂತೆ. ದೊಡ್ಡ ಕೆರೆ. ಈ ದಡ ನಮ್ಮದು, ಕಟ್ಟೆ ಇರುವ ಆ ದಡ ತೆಲಂಗಾಣದ್ದು. ಮೀನಿನ ಗುತ್ತಿಗೆ ಹಿಡಿದ ಸಂಘಗಳು ಎರಡೂ ಕಡೆ ಬೇರೆ ಬೇರೆ. ನಮ್ಮ ದಡದ ಬೋರ್ಡು ಏನು ಹೇಳುತ್ತದೆ? ಗಾಳಕ್ಕೆ ಹಿಟ್ಟು ನಡೆಯುತ್ತದೆ, ಹುಳು, ಕಪ್ಪೆ, ಮರಿಮೀನು, ಜೀವ ಇರುವ ಯಾವುದೂ ನಡೆಯುವುದಿಲ್ಲ. ಯಾರೋ ಎಲ್ಲಿಂದಲೋ ಎರೆಗೆಂದು ತಂದ ಮರಿಮೀನು ಉಳಿದದ್ದನ್ನು ಕೆರೆಗೆ ಬಿಟ್ಟು ಹೋದರಂತೆ. ಅವು ಬೆಳೆದು ಸಂಘದ ಮರಿಗಳನ್ನೇ ತಿಂದವಂತೆ. ಆ ದಡದ ಬೋರ್ಡು? ಹುಳು ನಡೆಯುತ್ತದೆ, ಹಿಟ್ಟು ನಡೆಯುವುದಿಲ್ಲ. ಅಲ್ಲಿ ಎರಡು ಊರು ಕುಡಿಯುವ ನೀರು ಎತ್ತುತ್ತವೆ, ಹಿಟ್ಟು ಹುಳಿಯಾದರೆ ನೀರು ಕೆಡುತ್ತದೆ.

ಎರಡೂ ನ್ಯಾಯವೇ. ಆದರೆ ಪಾಪ, ಮೀನಿಗೆ ಯಾವ ರಾಜ್ಯದ ರೇಷನ್ ಕಾರ್ಡು?

ಬೇಸಿಗೆ ರಜೆ. ಒಂದು ದಿನ ಎಲ್ಲರೂ ಬುತ್ತಿ ಕಟ್ಟಿಕೊಂಡು ಜೀಪಿನಲ್ಲಿ ಹೊರಟೆವು. ನೀರು ಬತ್ತಿ ದೂರ ಸರಿದಿತ್ತು. ಬೋರ್ಡು ನೋಡಿಕೊಂಡೇ ಇಳಿದೆವು. ಒಣಗಿ ಬಿರುಕು ಬಿಟ್ಟ ಕೆರೆಯಂಗಳದಲ್ಲಿ ನೀರು ಹುಡುಕುತ್ತ ನಡೆದೆವು, ನಡೆದೆವು. ಕೊನೆಗೆ ಒಂದು ಕಲ್ಲು ಸಿಕ್ಕಿತು. ನಾನು ಅದರ ಮೇಲೆ ಕೂತು ಬುತ್ತಿ ಬಿಚ್ಚಿದೆ. ಬೀಗರು ಇನ್ನೂ ಸ್ವಲ್ಪ ಮುಂದೆ ಹೋಗಿ ಗಾಳ ಬಿಟ್ಟರು.

ಉಂಡಾದ ಮೇಲೆ ಮಗಳು, ಮೊಮ್ಮಕ್ಕಳು ದಂಡೆಯ ಮೇಲಿನ ಬೋರ್‌ವೆಲ್ಲಿಗೆ ನೀರು ತರಲು ಹೋದರು. ಆಗಲೇ ಬಂದ ಕಾವಲುಗಾರ. ಕೈಯಲ್ಲಿ ಕೋಲು, ಕೊರಳಲ್ಲಿ ಸೀಟಿ. ಹೆಸರು ನರಸಿಂಹುಲು ಎಂದು ಆಮೇಲೆ ಗೊತ್ತಾಯಿತು.

"ಬೋರ್ಡು ಚೂಡಲೇದಾ ಸಾಬ್? ನೋಡಿಲ್ಲೇನು?"

"ನೋಡೇ ಬಂದೀನಿ. ಹಿಟ್ಟು ನಡೀತದಂತ ಬರದಾರ" ಅಂದರು ಬೀಗರು.

"ಅದು ನಿಮ್ಮ ಬೋರ್ಡು. ನೀವು ನಿಂತದ್ದು ನಮ್ಮ ನೀರಿನಾಗ."

"ಗಡಿ ಎಲ್ಲದ ಮತ್ತ?"

"ಹಿಂದ ನೋಡ್ರಿ. ಅಮ್ಮ ಕುಂತಾಳಲ್ಲ, ಅದೇ ಗಡಿಕಲ್ಲು."

ನಾನು ಬಿಸಿ ಹಂಚು ಮುಟ್ಟಿದವಳಂತೆ ಎದ್ದೆ. ಅಲ್ಲಿಯವರೆಗೆ ಅರ್ಧ ಕರ್ನಾಟಕದಲ್ಲಿ, ಅರ್ಧ ತೆಲಂಗಾಣದಲ್ಲಿ ಕೂತು ರೊಟ್ಟಿ ತಿಂದಿದ್ದೆ. ಕೆರೆ ಸರಿದಿತ್ತು, ಬೋರ್ಡು ಮಾತ್ರ ನೀರು ತುಂಬಿದ ಕಾಲದ ಜಾಗದಲ್ಲೇ ನಿಂತಿತ್ತು.

"ಗಾಳದ ಕೋಲು ಕೊಡ್ರಿ. ಆಫೀಸಿಗೆ ಜಮಾ."

"ವಾಪಸ್ ಯಾವಾಗ ಕೊಡ್ತೀರಿ?"

"ಜಮಾ ಆದದ್ದು ವಾಪಸ್ ಎಲ್ಲಿ ಬರ್ತದ ಸಾಬ್? ಚಾ ಕಾಸಲಾಕ ಒಲಿಗಿ ಹಾಕ್ತಾರ."

ಹೆದ್ದಾರಿಯಲ್ಲಿ ಲಾರಿಯವರ ಮೇಲೆ ಜೋರು ಮಾಡಿ ಬದುಕಿದ ಮನುಷ್ಯ, ಕೋಲಿನ ಹಿಡಿಯ ಮೇಲೆ ಹೆಬ್ಬೆರಳು ಆಡಿಸುತ್ತ ನಿಂತರು. ಅದು ಬಿದಿರಿನ ಕೋಲು. ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದೆ ಊರೂರು ತಿರುಗಿದ್ದು. ಹಿಡಿಗೆ ಕೆಂಪು ದಾರ ಸುತ್ತಿದವರು ನಮ್ಮ ಬೀಗತಿ. ಅವರು ತೀರಿಕೊಂಡು ಕೆಲವು ವರ್ಷವಾಯಿತು. ದಾರ ಬಣ್ಣಗೆಟ್ಟು ಬೂದಿಯಂತಾಗಿದೆ. ಬದಲಾಯಿಸುತ್ತೇನೆ ಎಂದು ಮಗಳು ಹೋದರೆ, "ಇರ್ಲಿ ಬಿಡವ್ವಾ" ಅನ್ನುತ್ತಾರೆ.

ತೀರಿಹೋದ ನಮ್ಮ ಯಜಮಾನರ ಹೆಸರು ಕೊರೆದ ಪಾತ್ರೆಗಳನ್ನು ನಾನೂ ಯಾರಿಗೂ ಕೊಡುವುದಿಲ್ಲ. ನನಗೆ ಅರ್ಥವಾಗದೆ ಇರುತ್ತದೆಯೇ?

ಪಲ್ಲವಿ ಎಲ್ಲಿ ಎಂದು ತಿರುಗಿ ನೋಡಿದೆ. ದೂರದಲ್ಲಿ ಬೋರ್‌ವೆಲ್ ಹತ್ತಿರ ಇರುವೆಯಷ್ಟು ಕಾಣುತ್ತಿದ್ದಳು. ನನ್ನ ಮಾತು ದಾಟಿಸಲು ಅಲ್ಲಿ ಯಾರೂ ಇರಲಿಲ್ಲ.

"ತಮ್ಮಾ" ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು. "ಆ ಕೋಲಿಗಿ ದಾರ ಸುತ್ತಿದಾಕಿ ಈಗಿಲ್ಲ. ಕೋಲು ಬಿಡು. ಹಿಟ್ಟು ಮಾಡಿದಾಕಿ ನಾನು. ಜಪ್ತಿ ಮಾಡೋದಿದ್ರ ನನ್ನ ಡಬ್ಬಿ ಮಾಡು."

ನರಸಿಂಹುಲು ನನ್ನನ್ನೂ ನೋಡಿದ, ಡಬ್ಬಿಯನ್ನೂ ನೋಡಿದ. ಮುಚ್ಚಳ ತೆಗೆದು ಮೂಸಿದ.

"ಏನೇನು ಹಾಕೀದಿ ಅಮ್ಮಾ?"

"ಜ್ವಾಳದ ಹಿಟ್ಟು, ಶೇಂಗಾ, ಬೆಲ್ಲ, ಬಾಳಿಹಣ್ಣು. ಯಾಲಕ್ಕಿ."

"ಮೀನಿಗಿ ಯಾಲಕ್ಕಿ?"

"ಬೀಗರ ಮನಿಗಿ ಹೋಗೋ ಡಬ್ಬಿ ಅಲ್ಲೇನು?"

ಅವನ ಮೀಸೆ ಸ್ವಲ್ಪ ಅಲುಗಿತು. ಆದರೂ ಹೇಳಿದ, "ಇದು ಕುಡಿಯೋ ನೀರಮ್ಮಾ. ನನ್ನ ಮಕ್ಕಳೂ ಇದೇ ಕುಡೀತಾರ."

"ಖರೇ ಅದ. ತಪ್ಪು ನಮ್ಮದೇ. ನೀರಿಗಿ ಹಾಕಬ್ಯಾಡ, ಮನಿಗಿ ಒಯ್ದು ಮಕ್ಕಳಿಗಿ ಕೊಡು" ಅಂದೆ. ವಿಷ ಅಲ್ಲ ಎಂದು ತೋರಿಸಲು ಒಂದನ್ನು ನಾನೇ ಬಾಯಿಗೆ ಹಾಕಿಕೊಂಡೆ.

ಅವನೂ ಒಂದು ಹಾಕಿಕೊಂಡ. ಕೆರೆಯ ಕಡೆ ನೋಡುತ್ತ ಜಗಿದ. ಇನ್ನೊಂದು ಹಾಕಿಕೊಂಡ.

"ಮಾಲು ಜಪ್ತಿ" ಎಂದು ಡಬ್ಬಿಯನ್ನು ಬಗಲಿಗೆ ಇಟ್ಟುಕೊಂಡ. ಗಾಳದ ಕೋಲು ಬೀಗರ ಕೈಯಲ್ಲೇ ಉಳಿಯಿತು. "ಹುಳ ಚುಚ್ರಿ ಸಾಬ್. ಇಲ್ಲೇ ಕೆದರಿದ್ರ ಸಿಗ್ತಾವ."

"ನಮ್ಮ ಕಡೆ ಹುಳ ನಡ್ಯಂಗಿಲ್ಲಲ್ಲೋ."

"ಹಂಗಾದ್ರ ಇಲ್ಲೇ ಖರ್ಚು ಮಾಡಿ ಹೋಗ್ರಿ."

ವಾಪಸ್ ಬರುವಾಗ ಜೀಪಿನಲ್ಲಿ ಬೀಗರು, "ಪಲ್ಲವಿ, ನಿಮ್ಮ ಅಜ್ಜಿಗಿ ಹೇಳು..." ಎಂದು ಶುರುಮಾಡಿ ನಿಲ್ಲಿಸಿದರು. ಹೊರಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಬೀಗತೇರ, ಭಾಳ ಉಪಕಾರ ಆಯ್ತು ನೋಡ್ರಿ" ಅಂದರು.

"ಅದ್ರಾಗೇನದ ಬೀಗರ" ಅಂದೆ ನಾನು.

ಪಲ್ಲವಿ ಇಬ್ಬರ ಮುಖವನ್ನೂ ನೋಡಿ, "ಮಮ್ಮಿ, ನನ್ನ ನೌಕರಿ ಹೋಯ್ತು" ಅಂದಳು.

ಇಷ್ಟಕ್ಕೆ ಮುಗಿಯಿತೇ? ಇಲ್ಲ. ಹದಿನೈದು ದಿನದ ಹಿಂದೆ ಬೀಗರು ನಮ್ಮೂರಿನ ನೆಹರು ಗಂಜ್ ಮಾರುಕಟ್ಟೆಗೆ ತೊಗರಿ ಮಾರಲು ಬಂದವರು ಮಗಳು, ಮೊಮ್ಮಕ್ಕಳ ಜೊತೆ ಮನೆಗೂ ಬಂದು ನನ್ನ ಡಬ್ಬಿ ಕೊಟ್ಟರು. ಯಜಮಾನರ ಹೆಸರು ಕೊರೆದ ಅದೇ ಡಬ್ಬಿ. ಅವರು ಮತ್ತೆ ಕೆರೆಗೆ ಹೋದಾಗ ನರಸಿಂಹುಲು ಕೊಟ್ಟು ಕಳಿಸಿದ್ದನಂತೆ. ಭಾರವಾಗಿತ್ತು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಎನ್ನುವ ರೂಢಿ ಅಲ್ಲಿಯೂ ಇದೆಯಲ್ಲ ಎಂದು ಖುಷಿಪಟ್ಟೆ. ಚಕ್ಕುಲಿಯೋ, ತೆಲಂಗಾಣದವರು ಅಕ್ಕಿಹಿಟ್ಟಿನಲ್ಲಿ ಕರಿಯುವ ಸಕಿನಾಲೋ ಎಂದುಕೊಂಡು, ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದೆ.

ಒದ್ದೆ ಮಣ್ಣು. ಮಣ್ಣಿನೊಳಗೆ ಮಿಸುಕಾಡುವ ಎರೆಹುಳು. ದಪ್ಪನೆಯವು, ಆರಿಸಿ ಆರಿಸಿ ಹಾಕಿದಂಥವು.

ನಾನು ಕೂಗಲಿಲ್ಲ. (ಆದಿತ್ಯ, ನೀನು ಹೇಳುವುದು ಸುಳ್ಳು. ಕೂಗಿದ್ದು ನಿಮ್ಮಮ್ಮ.) ಅವನ ಕಡೆ ಗಾಳಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ. ನಾನು ಬೀಗರಿಗೆ ಏಲಕ್ಕಿ ಹಾಕಿದ ಹಾಗೆಯೇ ಅವನೂ ಇದನ್ನು ತುಂಬಿದ್ದಾನೆ. ಬೀಗರು ಮಾತ್ರ ಮುಖ ಸಪ್ಪೆ ಮಾಡಿಕೊಂಡರು. "ಚಲೋ ಹುಳ ಅದಾವ್ರಿ ಬೀಗತೇರ. ಖರೇ, ನಮ್ಮ ದಡದಾಗ ಹಿಡದ್ರ ಈ ಸಲ ನಮ್ಮವರೇ ಕೋಲು ಕಸಗೊಳ್ತಾರ."

ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ಉಂಡೆ ತುಂಬಿ, ನರಸಿಂಹುಲುಗೆ ಮುಟ್ಟಿಸಲು ಬೀಗರ ಕೈಗೇ ಕೊಟ್ಟೆ. ಮೇಲೆ ಒಂದು ಚೀಟಿ ಅಂಟಿಸಲು ಪಲ್ಲವಿಗೆ ಹೇಳಿದೆ: ಇದು ತಿನ್ನಲು. ಹುಳುಗಳನ್ನು ಹಿತ್ತಲಿನ ಕರಿಬೇವಿನ ಬುಡಕ್ಕೆ ಬಿಟ್ಟೆ.

ಗಿಡ ಈಗ ಚಿಗುರಿದೆ. ಗಡಿ ದಾಟಿ ಬಂದ ಆ ಹುಳುಗಳ ಮೇಲೆ ಯಾರಾದರೂ ಕೇಸು ಹಾಕುವುದಿದ್ದರೆ, ಒಗ್ಗರಣೆಗೆ ಎಲೆ ಕೀಳುವ ಮೊದಲೇ ಹೇಳಿಬಿಡಿ.