ಮೂರು ದೀಪಗಳ ವಿಳಾಸ

ಶನಿವಾರ ಬೆಳಿಗ್ಗೆ ಸೇಡಂನಲ್ಲಿ ಪ್ಯಾಸೆಂಜರ್ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಮಲ್ಲಮ್ಮನ ಹಾಲ್ ಟಿಕೆಟ್ಟೂ ಅವಳು ಬರೆದ ಅಂಚೆ ಕಾರ್ಡೂ ಇದ್ದವು. ಸೋಮವಾರ ಹತ್ತನೆಯ ತರಗತಿಯ ಪರೀಕ್ಷೆ. ಅಪ್ಪ ಅವ್ವನ ಜೊತೆ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋದ ಹುಡುಗಿ ತಿಂಗಳಾದರೂ ತಿರುಗಿ ಬಂದಿರಲಿಲ್ಲ. ನಾನು ಅವಳ ವಿಜ್ಞಾನದ ಟೀಚರ್, ಸಿಟ್ಟು ಮೂಗಿನ ತುದಿಯಲ್ಲೇ ಇರುವವಳು. ಅವಳಪ್ಪನನ್ನು ಹೇಗೆ ತರಾಟೆಗೆ ತೆಗೆದುಕೊಳ್ಳಬೇಕೆಂದು ತಾಂಡೂರಿನವರೆಗೂ ಯೋಚಿಸುತ್ತಲೇ ಹೋದೆ.

ಕಾರ್ಡಿನಲ್ಲಿ ಮನೆ ನಂಬರು, ಬೀದಿ ಯಾವುದೂ ಇರಲಿಲ್ಲ. "ಅಕ್ಕೋರ, ನಾವಿರೋ ಜಾಗಕ್ಕ ಹೆಸರಿಲ್ಲ. ಗಚ್ಚಿಬೌಲಿ ಬಸ್ ಸ್ಟ್ಯಾಂಡಿಗೆ ಬರ್ರಿ. ಉಳಿದದ್ದು ನೀವು ಹೇಳಿಕೊಟ್ಟಂಗ ಬರದೀನಿ." ಕೆಳಗೆ ಒಂದು ಚುಕ್ಕಿ, ಅದರಿಂದ ಹೊರಟ ಮೂರು ಗೆರೆ.

ನಾನು ಹೇಳಿಕೊಟ್ಟದ್ದು ಪಲ್ಸಾರ್‌ಗಳ ಪಾಠ. ಅವು ಸತ್ತ ನಕ್ಷತ್ರಗಳ ತಿರುಳು. ಟಾರ್ಚ್ ಹಿಡಿದು ಗಿರಗಿರನೆ ಸುತ್ತುವವನ ಬೆಳಕು ಆಗಾಗ ನಮ್ಮ ಕಣ್ಣಿಗೆ ಬಡಿದಂತೆ, ಅವುಗಳ ರೇಡಿಯೊ ಅಲೆಗಳು ಭೂಮಿಗೆ ಬಡಿಯುತ್ತವೆ. ಒಂದೊಂದಕ್ಕೆ ಒಂದೊಂದು ಲಯ. ಸೌರಮಂಡಲವನ್ನೇ ದಾಟಿ ಹೋಗುವ ನೌಕೆಗಳಲ್ಲಿ ನಮ್ಮ ಸೂರ್ಯನ ವಿಳಾಸವನ್ನು ಹಾಗೇ ಕೆತ್ತಿ ಕಳಿಸಿದ್ದಾರೆ: ನಡುವೆ ಸೂರ್ಯ, ಅಲ್ಲಿಂದ ಹದಿನಾಲ್ಕು ಪಲ್ಸಾರ್‌ಗಳತ್ತ ಗೆರೆ, ಗೆರೆಯ ಮೇಲೆ ಅದರದರ ಲಯ. ಆ ದಿನ ಮಲ್ಲಮ್ಮ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದಾಳೆಂದು ಬೈದಿದ್ದೆ. ಕಾರ್ಡಿನಲ್ಲಿ ಅವಳ ಮೂರು ಗೆರೆ ಹೀಗಿದ್ದವು: ಟವರಿನ ಕೆಂಪು ದೀಪ ಮೂರು ಎಣಿಸಿದರೆ ಒಮ್ಮೆ, ಕ್ರೇನಿನ ದೀಪ ಐದಕ್ಕೊಮ್ಮೆ, ಜಾಹೀರಾತಿನ ಫಲಕ ಹನ್ನೊಂದಕ್ಕೊಮ್ಮೆ.

ಲಿಂಗಂಪಲ್ಲಿಯಲ್ಲಿ ಇಳಿದು ಷೇರ್ ಆಟೋದಲ್ಲಿ ಗಚ್ಚಿಬೌಲಿಗೆ ಬಂದೆ. ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಬಿಸಿಲು ಒಂದು ಕಡೆ, ಸಿಮೆಂಟಿನ ಧೂಳು ಇನ್ನೊಂದು ಕಡೆ. ದೀಪ ಹತ್ತುವವರೆಗೆ ಕಾಯಬೇಕಲ್ಲ, ಮಿರ್ಚಿ ಬಜ್ಜಿ ತಿಂದು ಎರಡು ಚಹಾ ಕುಡಿದೆ. ಮುಸ್ಸಂಜೆ ಟವರ್ ಸಿಕ್ಕಿತು, ಫಲಕವೂ ಸಿಕ್ಕಿತು. ಕ್ರೇನಿನ ದೀಪ ಹಿಡಿದು ನಡೆದರೆ ಯಾವುದೋ ಕಂಪನಿಯ ಗೇಟು ಬಂತು. ಕಾವಲುಗಾರ ತೆಲುಗಿನಲ್ಲಿ ಗದರಿ ಹಿಂದಕ್ಕೆ ಕಳಿಸಿದ. ಕಾಲು ಸೋತು, ಹುಡುಗಿಯ ವರ್ಷ ಹಾಳಾಯಿತೆಂದು ಅಳು ಬಂದರೂ ಮತ್ತೆ ದೀಪ ಎಣಿಸತೊಡಗಿದೆ.

ಗಾರೆ ಮೆತ್ತಿದ ಕೈಗಳ ಮುದುಕನೊಬ್ಬ ನಿಂತು ಕೇಳಿದ: "ಆಕಾಶ ನೋಡಿ ಏನ್ ಎಣಿಸಾಕತ್ತೀರಿ, ಅಕ್ಕಾ?"

ಕಾರ್ಡು ತೋರಿಸಿದೆ. "ಆ ಕ್ರೇನ್ ಹೋದ ವಾರ ಇಲ್ಲಿಗೆ ತಂದಾರರಿ. ಮೊದಲ ಆ ಹಾಲಿನ ಬೂತ್ ಹಿಂದ ಇತ್ತು" ಎಂದ. ಪಲ್ಸಾರಿನ ಲಯ ಸಾವಿರ ವರ್ಷಕ್ಕೂ ಕೂದಲೆಳೆಯಷ್ಟೇ ನಿಧಾನವಾಗುತ್ತದೆ. ಹೈದರಾಬಾದಿಗೆ ದೀಪದ ಜಾಗವನ್ನೇ ಬದಲಿಸಲು ಒಂದು ವಾರ ಸಾಕಾಗಿತ್ತು.

ಬೂತಿನ ಹಿಂದೆ ತಗಡಿನ ಶೆಡ್ಡುಗಳು. ಪುಟ್ಟ ತಮ್ಮನನ್ನು ಸೊಂಟದಲ್ಲಿ ಹೊತ್ತು ನಿಂತಿದ್ದ ಮಲ್ಲಮ್ಮ ಕೂಗಿದಳು: "ಅವ್ವಾ, ಅಕ್ಕೋರು ಬಂದ್ರು! ನನ್ನ ಚಿತ್ರ ಸರಿ ಐತಿ!"

ಕಟ್ಟಿಕೊಂಡು ಬಂದ ಬೈಗುಳವೆಲ್ಲ ಮರೆತುಹೋಯಿತು. ಅಪ್ಪ ತಲೆ ತಗ್ಗಿಸಿ ಕೂತ. ಅವ್ವ ದೇವಮ್ಮ ರೊಟ್ಟಿ ಬಡಿಯುತ್ತಲೇ ಮಾತಾಡಿದಳು. "ಕಳಿಸ್ತೀನ್ರಿ. ಕೂಸಿನ್ನ ಬೆನ್ನಿಗೆ ಕಟ್ಕೊಂಡು ದುಡೀತೀನಿ. ಆದ್ರ ನಮ್ಮನ್ನೂ ಆ ಕ್ರೇನಿನಂಗ ಎಲ್ಲಿಗೋ ಒಯ್ತಾರ. ಪರೀಕ್ಷೆ ಮುಗಿಸಿ ಬಂದಾಕಿಗೆ ನಾವು ಸಿಗದಿದ್ರ?"

ಮಲ್ಲಮ್ಮ ಒಲೆಯ ಇದ್ದಿಲು ತೆಗೆದು, ಅವ್ವನ ಕೈ ಹಿಡಿದು, ತಗಡಿನ ಮೇಲೆ ಚುಕ್ಕಿ ಇಡಿಸಿ ಗೆರೆ ಎಳೆಸಿದಳು.

ಭಾನುವಾರ ಇಬ್ಬರೂ ಸೇಡಂಗೆ ಮರಳಿದೆವು. ಅವಳು ನನ್ನ ಮನೆಯಲ್ಲೇ ಉಳಿದು ಎಲ್ಲ ಪರೀಕ್ಷೆ ಬರೆದಳು. ಕೊನೆಯ ದಿನ ಕಾರ್ಡು ಬಂತು. "ಮಿಯಾಪುರ ಬಸ್ ಸ್ಟ್ಯಾಂಡ್" ಎಂದಷ್ಟೇ ಬೇರೆ ಯಾರದೋ ಅಕ್ಷರ. ಕೆಳಗೆ ಚುಕ್ಕಿ, ಮೂರು ಗೆರೆ. ಮೂರನೆಯದರ ಪಕ್ಕದ ಗೀಟುಗಳು ಅಂಚಿನವರೆಗೂ ಹೋಗಿ, ಜಾಗ ಸಾಲದೆ ಹಿಂದಕ್ಕೆ ತಿರುಗಿದ್ದವು.

"ಇದ್ಯಾಕೆ ಇಷ್ಟೊಂದು ಗೀಚಿದ್ದಾಳೆ?" ಎಂದೆ.

"ಅವ್ವಗ ಎಣಿಸಾಕ ಬರಂಗಿಲ್ಲರಿ, ಅಕ್ಕೋರ. ದೀಪ ಆರಿ ಮತ್ತ ಹತ್ತೂತನಕ ಗೀಟು ಹಾಕ್ಯಾಳ."

ನಾನು ಎಣಿಸಿದೆ. ನಲವತ್ತಾರಿದ್ದವು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಒಂದನ್ನೂ ಬಿಡದೆ ಹಾಕಿದ್ದಳು. ಮರುದಿನ ಅದೇ ಕಾರ್ಡು ಹಿಡಿದು ನಾವಿಬ್ಬರೂ ಮತ್ತೆ ರೈಲು ಹತ್ತಿದೆವು.