ಗಾದಿ ಖಾಲಾ ಹೊಲಿದ ಫಿಲ್ಟರ್

ಕಳೆದ ಭಾನುವಾರ ಬೈಕಿನ ಏರ್ ಫಿಲ್ಟರ್ ಬಿಚ್ಚಿ ಸೋಪಿನ ನೀರಿನಲ್ಲಿ ಅದ್ದಿದೆ. ಎರೆಮಣ್ಣು, ಹಳೆಯ ಎಣ್ಣೆ, ಒದ್ದೆ ಸ್ಪಂಜು ಮೂರೂ ಸೇರಿ ಘಮ್ಮೆಂದು ಒಂದು ವಾಸನೆ ಎದ್ದಿತು. ಒತ್ತಿ ನೀರು ತೆಗೆಯುತ್ತಿದ್ದಂತೆ ಸ್ಪಂಜು ಬೆರಳಲ್ಲೇ ಪುಡಿಯಾಯಿತು. ಕೆಂಪು ದಾರದ ಹೊಲಿಗೆ ಮಾತ್ರ ಗಟ್ಟಿಯಾಗಿ ಉಳಿದಿತ್ತು... ನಮ್ಮ ಗಾದಿ ಖಾಲಾ ಹೊಲಿದುಕೊಟ್ಟ ಕೊನೆಯ ಫಿಲ್ಟರ್ ಅದು.

ಖಾಲಾರ ಪರಿಚಯವಾದಾಗ ನಾನು ಯಲಬುರ್ಗಾದಲ್ಲಿದ್ದೆ. ಹೊಲಗಳ ನಡುವೆ ನಿಂತ, ಕರೆಂಟು ತಯಾರಿಸುವ ಗಾಳಿಯಂತ್ರಗಳ ರಿಪೇರಿ ನನ್ನ ಕೆಲಸ. ಅಲ್ಲಿಗೆ ಡಾಂಬರು ರಸ್ತೆಯಿರಲಿಲ್ಲ. ಬೇಸಿಗೆಯಲ್ಲಿ ಹಿಮ್ಮಡಿ ಮುಳುಗುವಷ್ಟು ಧೂಳಿನ ದಾರಿ. ಅದಕ್ಕೆಂದೇ ಯಾರೋ ಓಡಿಸಿ ಬಿಟ್ಟಿದ್ದ ಡರ್ಟ್ ಬೈಕೊಂದನ್ನು ಕೊಂಡಿದ್ದೆ. ಮೇಲೆ ತೊಳೆದು ಒರೆಸುವುದು ಬಿಟ್ಟರೆ ಅದರ ಬಗ್ಗೆ ನನಗೇನೂ ಗೊತ್ತಿರಲಿಲ್ಲ.

ನನ್ನ ಕೋಣೆಯ ಪಕ್ಕದ ಮನೆ ಖಾಲಾರದು. ಗಾದಿ ಹೊಲಿಯುವ ಅವರನ್ನು ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಮುಂದಿನ ಪಡಸಾಲೆಯೇ ಅಂಗಡಿ. ಅರಳೆ ಹಿಂಜುವ ಯಂತ್ರವೊಂದು, ಹೊಲಿಗೆ ಯಂತ್ರವೊಂದು, ಗೋಡೆಗೆ ಒರಗಿಸಿಟ್ಟ ಗಾದಿಗಳು. ಗಂಡ ತೀರಿದ ಮೇಲೆ ಖಾಲಾ ಒಬ್ಬರೇ ಆ ಯಂತ್ರದ ಮುಂದೆ ಕೂತು ಮಗಳನ್ನು ಬೆಳೆಸಿದ್ದರು. ಓಣಿಯ ಹಿಂದೂಗಳು, ಮುಸಲ್ಮಾನರು ಎಲ್ಲರ ಮನೆಯ ಬಾಣಂತಿಯರೂ ಅವರ ಗಾದಿಯ ಮೇಲೆಯೇ ಮಲಗಿದವರು. ಖಾಲಾರ ಹುಬ್ಬಿನ ಮೇಲೂ ಬಿಳಿ ಅರಳೆ ಕೂತಿರುತ್ತಿತ್ತು. ಮಾತಿಗೊಮ್ಮೆ ಕೆಮ್ಮು. ನಾವೆಲ್ಲ ಅದನ್ನು ಅವರ ಮಾತಿನ ರೀತಿಯೆಂದೇ ತಿಳಿದಿದ್ದೆವು.

ಒಂದು ಬೇಸಿಗೆಯಲ್ಲಿ ನನ್ನ ಬೈಕು ತಳಕಲ್ ಕಡೆಯ ಏರಿನಲ್ಲಿ ಎರಡು ಸಲ ನಿಂತುಬಿಟ್ಟಿತು. ಎರಡು ಸಲವೂ ಕೆಲಸಕ್ಕೆ ತಡವಾಯಿತು. "ಇನ್ನೊಂದ್ ಸಲ ಹಿಂಗಾದ್ರ ಬ್ಯಾರೆ ಕೆಲಸ ನೋಡ್ಕೊ" ಎಂದರು ಮೇಲಿನವರು. ಮೆಕ್ಯಾನಿಕ್ ಪಕ್ಕದ ಮುಚ್ಚಳ ಬಿಚ್ಚಿ ಒಳಗಿದ್ದ ಫಿಲ್ಟರ್ ತೆಗೆದ. ಹಿಡಿ ಮಣ್ಣಿನ ಜೊತೆ ಸ್ಪಂಜೂ ತುಂಡುತುಂಡಾಗಿ ಬಂತು.

"ಇದು ಇಲ್ಲಿ ಸಿಗಂಗಿಲ್ಲ. ಹುಬ್ಬಳ್ಳಿಯಿಂದ ತರಸಾಕ ಎಂಟ ದಿನ ಬೇಕು. ಇದಿಲ್ದ ಓಡಿಸಿದ್ರ ಧೂಳ ಒಳಗ ಹೋಗಿ ಇಂಜಿನ್ನ ಹಾಳಾಕೈತಿ."

ಸ್ಪಂಜಿಲ್ಲದ ಪ್ಲಾಸ್ಟಿಕ್ ಚೌಕಟ್ಟು ಹಿಡಿದು ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಮರುದಿನ ಬೆಳಿಗ್ಗೆಯೇ ಕೆಲಸಕ್ಕೆ ಹೋಗಬೇಕು.

"ಯಾಕಪಾ, ಮಾರಿ ಸಣ್ಣದು ಮಾಡ್ಕೊಂಡು ಕುಂತಿ?" ಎಂದರು ಖಾಲಾ.

ಹೇಳಿದೆ. ಅವರು ಚೌಕಟ್ಟನ್ನು ತಿರುಗಿಸಿ ನೋಡಿ ನಕ್ಕರು.

"ನಿನ್ನ ಗಾಡಿಗೂ ದಮ್ಮ ಹತ್ತೇತೇನು? ತಾ ಇಲ್ಲಿ."

ಮೂಲೆಯ ಚೀಲ ಸುರಿದು, ದಿಂಬು ಹೊಲಿದು ಉಳಿದ ಹತ್ತಾರು ಸ್ಪಂಜಿನ ತುಂಡು ಹರಡಿದರು. ಗಾಳಿ ಹಾಯಬೇಕು, ಧೂಳು ನಿಲ್ಲಬೇಕು... ಅಂಥದ್ದನ್ನು ಆರಿಸಬೇಕಿತ್ತು. ಒಂದನ್ನು ತುಟಿಗೆ ಒತ್ತಿ, ಗಾಳಿ ಹಾಯಿಸಿ ನೋಡಲು ಊದಿದರು. ಆಗಲಿಲ್ಲ. ಇನ್ನೊಂದು ತಗೊಂಡರು. ಅದರಲ್ಲೂ ಆಗಲಿಲ್ಲ. ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿ ತುಂಡನ್ನು ನನ್ನ ಕಡೆ ಚಾಚಿದರು.

"ನೀನ ಊದಪಾ."

ನಾನು ಊದಿದೆ. ಸಲೀಸಾಗಿ ಗಾಳಿ ಹೋಯಿತು. ಸ್ಪಂಜು ಸರಿಯಾಗಿಯೇ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವರು ಸೂಜಿಗೆ ಕೆಂಪು ದಾರ ಪೋಣಿಸಿದರು.

ಮೆಕ್ಯಾನಿಕ್ ಹೇಳಿಕೊಟ್ಟಂತೆ ಆ ಹೊಸ ಸ್ಪಂಜಿಗೆ ಎಣ್ಣೆ ಸವರಿ, ಹೆಚ್ಚಿನದನ್ನು ಒತ್ತಿ ತೆಗೆದು, ಅಂಚಿಗೆ ಗ್ರೀಸ್ ಹಚ್ಚಿ ಕೂರಿಸಿದೆ. ಮರುದಿನ ಬೈಕು ಆ ಏರನ್ನು ಒಂದೇ ದಮ್ಮಿಗೆ ಹತ್ತಿತು. ಕೆಲಸ ಉಳಿಯಿತು.

ಅಲ್ಲಿಂದ ಪ್ರತಿ ಭಾನುವಾರ ಅವರ ಹಿತ್ತಲಲ್ಲೇ ಫಿಲ್ಟರ್ ತೊಳೆಯುತ್ತಿದ್ದೆ. "ಅರಿವಿ ಹಿಂಡಿದಂಗ ಹಿಂಡಬ್ಯಾಡ, ಹೊಲಿಗಿ ಬಿಚ್ಚತೈತಿ. ಒತ್ತು, ಸಾಕು" ಎಂದು ಗದರುತ್ತಿದ್ದರು. ಬೇವಿನ ನೆರಳಲ್ಲಿ ಅದು ಒಣಗುವ ತನಕ ಚಹಾ, ಮಾತು. ಗಾಳಿಯಂತ್ರಗಳೇ ಊರಿಗೆ ಗಾಳಿ ಬೀಸುತ್ತವೆ ಎಂದು ಅವರು ನಂಬಿದ್ದರು. ನಾನು ಎಷ್ಟು ತಿದ್ದಿದರೂ ಕೇಳಲಿಲ್ಲ. ಆಸ್ಪತ್ರೆಯ ಮಾತು ತೆಗೆದರಂತೂ "ವಯಸ್ಸಾತು, ಅಷ್ಟ" ಎಂದು ಎದ್ದುಬಿಡುತ್ತಿದ್ದರು.

ಒಂದು ಬೆಳಿಗ್ಗೆ ಮಗಳು ನನ್ನ ಬಾಗಿಲು ಬಡಿದಳು. "ಅಣ್ಣಾ, ಅಮ್ಮಿಗಿ ಉಸರ ಬರವಲ್ದು!" ಖಾಲಾ ಹೊಸ್ತಿಲ ಮೇಲೆ ಬಾಯಿ ತೆರೆದು ಕೂತಿದ್ದರು; ತುಟಿ ನೀಲಿಯಾಗಿತ್ತು. ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಬೈಕಿನಲ್ಲೇ ತಾಲ್ಲೂಕು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವರ ಎದೆ ನನ್ನ ಬೆನ್ನಿಗೆ ತಾಗಿ ಗೊರಗೊರ ಅನ್ನುತ್ತಿತ್ತು. ಮೂಗಿಗೆ ಮಾಸ್ಕ್ ಇಟ್ಟು ಔಷಧದ ಹಬೆ ಕೊಟ್ಟ ಮೇಲೆ ಮುಖಕ್ಕೆ ಬಣ್ಣ ಬಂತು. ವರ್ಷಗಟ್ಟಲೆ ಒಳಗೆ ಹೋದ ಅರಳೆಯ ಧೂಳೇ ಕಾರಣ, ಇನ್ನು ಆ ಯಂತ್ರ ಮುಟ್ಟಕೂಡದು ಎಂದರು ಡಾಕ್ಟರು.

"ಹಿಂಜೂದು ಬಿಟ್ಟು ಏನ್ ಮಾಡ್ಲಿರಿ ಸಾಹೇಬ್ರ? ನನಗ ಬರೂದು ಅದೊಂದ" ಎಂದರು ಖಾಲಾ.

ಮೂರನೆಯ ದಿನ ಮನೆಗೆ ಕರೆತಂದೆವು. ಯಾರದೋ ಮದುವೆಗೆಂದು ಒಪ್ಪಿಕೊಂಡಿದ್ದ ಗಾದಿಗಳ ಕೆಲಸ ಅರ್ಧಕ್ಕೆ ನಿಂತಿತ್ತು. ಮಗಳು ತಾಯಿಯನ್ನು ಮಂಚದ ಮೇಲೆ ಮಲಗಿಸಿ, ಸೆರಗನ್ನು ಮೂಗಿಗೆ ಕಟ್ಟಿ, ಯಂತ್ರದ ಗುಂಡಿ ಒತ್ತಿದಳು. ಅರಳೆ ಹಾರಿತು. ಖಾಲಾ ಗೋಡೆ ಹಿಡಿದು ಎದ್ದು ಬಂದರು. ಯಂತ್ರ ನಿಲ್ಲಿಸಿದರು.

"ನನ್ನ ಎದಿ ಹೋತು, ಹೋಗ್ಲಿ. ನಿಂದು ಹೋಗಾಕ ಬಿಡಂಗಿಲ್ಲ."

"ಮತ್ತ ಹೊಟ್ಟಿಗಿ ಏನ್ ತಿನ್ನೂನು?" ಮಗಳು ಅತ್ತಳು.

ಖಾಲಾ ನನ್ನ ಕಡೆ ತಿರುಗಿದರು. "ಏ, ಆಕಾಶದಾಗಿನ ಅಷ್ಟ ದೊಡ್ಡ ಫ್ಯಾನ್ ರಿಪೇರಿ ಮಾಡ್ತಿ. ನನ್ನ ಮನ್ಯಾಗಿನ ಧೂಳ ಹೊರಗ ಹಾಕೂದು ಬರಂಗಿಲ್ಲೇನು?"

ಒಂದು ವಾರ ಕೆಲಸ ಮುಗಿಸಿ ಬಂದು ಅದನ್ನೇ ಮಾಡಿದೆ. ಯಂತ್ರವನ್ನು ಹಿತ್ತಲಿನ ತಗಡಿನ ಚಪ್ಪರಕ್ಕೆ ಸಾಗಿಸಿದೆವು. ಅದಕ್ಕೆ ಮುಚ್ಚಿದ ಪೆಟ್ಟಿಗೆ, ಹಿಂದೆ ಧೂಳೆಳೆಯುವ ಫ್ಯಾನು, ಅದರಾಚೆ ಧೂಳು ತುಂಬಿಕೊಳ್ಳುವ ದಪ್ಪ ಬಟ್ಟೆಯ ಚೀಲ. ಚೀಲ ಹೊಲಿದವರು ಖಾಲಾ. ಮೊದಲ ಎರಡು ಹರಿದವು, ಮೂರನೆಯದು ನಿಂತಿತು. ಮೂಗಿಗೆ ಮಾಸ್ಕ್ ಕಟ್ಟದೆ ಯಾರೂ ಒಳಗೆ ಕಾಲಿಡಕೂಡದು ಎಂದು ಅವರೇ ಕಾಯಿದೆ ಮಾಡಿದರು. ತಾವು ಮುಂದಿನ ಪಡಸಾಲೆಯಲ್ಲಿ ಕೂತು ಸ್ಪಂಜಿನ ಕೆಲಸವನ್ನಷ್ಟೇ ಹಿಡಿದರು. ನನ್ನ ಜೊತೆಯವರ ಬೈಕಿಗೆಲ್ಲ ಫಿಲ್ಟರ್ ಅವರದ್ದೇ. ಸ್ಪಂಜು ಸರಿಯಿದೆಯೇ ಎಂದು ಊದಿ ನೋಡುವ ಕೆಲಸ ಮಾತ್ರ, ಬಂದ ಗಿರಾಕಿಯದು.

ಹಾಗೆ ನಾಲ್ಕು ವರ್ಷ ಬದುಕಿದರು. ಮಗಳ ಮದುವೆ ನೋಡಿದರು, ಮೊಮ್ಮಗಳನ್ನು ಎತ್ತಿಕೊಂಡರು. ಅಷ್ಟರಲ್ಲಿ ನನಗೆ ಕುಷ್ಟಗಿಗೆ ವರ್ಗವಾಗಿತ್ತು. ಅವರು ತೀರಿಕೊಂಡ ಸುದ್ದಿ ಬಂದ ದಿನ ನಾನು ಗಾಳಿಯಂತ್ರದ ತುದಿಯಲ್ಲಿದ್ದೆ. ಇಳಿದು ಫೋನ್ ನೋಡಿ ಹೊರಟು ತಲುಪುವಷ್ಟರಲ್ಲಿ ಮಣ್ಣಾಗಿತ್ತು. ಮುಖ ನೋಡಲು ಸಿಗಲಿಲ್ಲ. ಅದು ಈಗಲೂ ಒಳಗೊಳಗೇ ಕೊರೆಯುತ್ತದೆ...

ಕಳೆದ ಭಾನುವಾರ ಸ್ಪಂಜು ಪುಡಿಯಾಯಿತಲ್ಲ, ಅದರ ಮರುದಿನ ಚೌಕಟ್ಟು ಹಿಡಿದು ಯಲಬುರ್ಗಾಕ್ಕೆ ಹೋದೆ. ಮಗಳು ಚಹಾ ಕೊಟ್ಟು ತುಂಡುಗಳನ್ನು ಹರಡಿದಳು. ಹಿತ್ತಲಲ್ಲಿ ಅವಳ ಗಂಡ ಯಂತ್ರ ಓಡಿಸುತ್ತಿದ್ದ. ಪಡಸಾಲೆಯಲ್ಲಿ ಅರಳೆಯ ಒಂದು ಎಳೆಯೂ ಇರಲಿಲ್ಲ. ಅವಳು ಸ್ಪಂಜೊಂದನ್ನು ತುಟಿಗೆ ಒತ್ತಿ ನಿರಾಳವಾಗಿ ಊದಿದಳು. "ಇದು ಛಲೋ ಐತಿ ಅಣ್ಣಾ" ಎಂದಳು.

ಅಷ್ಟರಲ್ಲಿ ಬೀದಿಯಿಂದ ಯಾರೋ ಗಿರಾಕಿ ಕೂಗಿದರು: "ಖಾಲಾ, ಅದೀರೇನ್ರಿ?"

ನಾನು ತಟ್ಟನೆ ಒಳಬಾಗಿಲ ಕಡೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ. ನನ್ನ ಮುಂದೆ ಕೂತಿದ್ದ ಮಗಳು ಸೂಜಿಯನ್ನು ಸ್ಪಂಜಿಗೆ ಚುಚ್ಚಿಟ್ಟು, "ಅದೀನ್ರಿ, ಒಳಗ ಬರ್ರಿ" ಎಂದು ಎದ್ದಳು.